ಗಾಳಿ ಹೆಚ್ಚಾದರೆ ಬಲ ಹೆಚ್ಚೆಂಬ ಭ್ರಮೆ



ವ್ಯಾಕರಣದ ಬಗೆಗೋ ಹಳೆಯ ಶಾಲೆಯ ನೆನಪುಗಳ ಬಗೆಗೋ ಬರೆಯುತ್ತಿದ್ದ ಈ ಮೇಷ್ಟರಿಗೆ ಮೋಟಾರ್ ಸೈಕಲ್ಲಿನ ಗೊಡವೆ ಏಕೆ ಬಂತೆಂದು ನೀವು ನಗಬಹುದು. ಕಾರಣವಿದೆ. ಕಳೆದ ತಿಂಗಳು ನನ್ನ ತಂಗಿಯ ಮಗ ನಂಜನಗೂಡಿನ ರಸ್ತೆಯಲ್ಲಿ ತನ್ನ ತಂದೆಯ 1982ರ ಯೆಜ್ಡಿಯನ್ನು ಓಡಿಸಿಕೊಂಡು ಹೋಗುತ್ತಿದ್ದಾಗ ಎಂಜಿನ್ ಇದ್ದಕ್ಕಿದ್ದಂತೆ ಬಿಗಿದುಕೊಂಡು ಹಿಂದಿನ ಚಕ್ರ ನಿಂತೇಹೋಯಿತು. ತಕ್ಷಣ ಕ್ಲಚ್ ಹಿಡಿದದ್ದರಿಂದ ಮೊಣಕೈ ತರಚಿದ್ದಷ್ಟಕ್ಕೇ ಪಾರಾದ. ಹಿಂದೆ ಲಾರಿಯೊಂದು ಬರುತ್ತಿದ್ದರೆ ಈ ಬರಹದ ಸ್ವರೂಪವೇ ಬೇರೆಯಾಗುತ್ತಿತ್ತು.

ಮೈಸೂರಿನವರಿಗೆ ಈ ಗಾಡಿಯ ಮೇಲಿರುವ ಮೋಹವನ್ನು ವಿವರಿಸಬೇಕಾಗಿಲ್ಲ. 1961ರಿಂದ 1996ರವರೆಗೆ ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮೊದಲು ಜಾವಾ, ಅನಂತರ ಯೆಜ್ಡಿ ಎಂಬ ಹೆಸರಿನಲ್ಲಿ ತಯಾರಾದ ವಾಹನವದು. ಕಿಕ್ ಹೊಡೆಯುವ ಸನ್ನೆಯೇ ಮಡಚಿದರೆ ಗೇರ್ ಆಗುವ ಆ ಚಮತ್ಕಾರವನ್ನು ತರಗತಿಯಲ್ಲಿ ಉದಾಹರಣೆಯಾಗಿ ಎಷ್ಟೋ ಬಾರಿ ಹೇಳಿದ್ದೇನೆ.

ಆದದ್ದಿಷ್ಟು. ಹುಡುಗನು ಗಾಡಿಯ ಮೂಲ ಏರ್ ಫಿಲ್ಟರ್ ಪೆಟ್ಟಿಗೆಯನ್ನು ಕಳಚಿ, ಕಾರ್ಬುರೇಟರಿನ ಬಾಯಿಗೆ ನೇರವಾಗಿ ಶಂಕುವಿನಾಕಾರದ ಹೊಸ ಫಿಲ್ಟರೊಂದನ್ನು ಸಿಕ್ಕಿಸಿದ್ದ. ಸದ್ದು ಗಂಭೀರವಾಯಿತು, ನೋಟವೂ ಚೆಂದವಾಯಿತು. ಆದರೆ ಹ್ಯಾಂಡಲ್ ತಿರುವಿದೊಡನೆ ಎಂಜಿನ್ ಮುಗ್ಗರಿಸತೊಡಗಿತು. ಏರಿನಲ್ಲಿ ಉಸಿರು ಕಟ್ಟಿತು. ಮೆಕ್ಯಾನಿಕ್ ಪೆಟ್ರೋಲ್ ಕಲಬೆರಕೆಯೆಂದ. ಮತ್ತೊಬ್ಬ ಕಾಯಿಲ್ ಬದಲಿಸಿದ. ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ಬಣ್ಣವನ್ನು ನೋಡುವ ವ್ಯವಧಾನ ಮಾತ್ರ ಯಾರಿಗೂ ಇರಲಿಲ್ಲ. ನಾನು ಬಿಚ್ಚಿಸಿ ನೋಡಿದಾಗ ಅದು ಸುಣ್ಣದಂತೆ ಬೆಳ್ಳಗಿತ್ತು. ಕಾಫಿಪುಡಿಯ ಬಣ್ಣವಿದ್ದರೆ ಸರಿ, ಮಸಿಯಂತೆ ಕಪ್ಪಿದ್ದರೆ ಪೆಟ್ರೋಲ್ ಹೆಚ್ಚು, ಬಿಳುಪಾದರೆ ಗಾಳಿ ಹೆಚ್ಚು.

ಪೆಟ್ಟಿಗೆಯನ್ನು ತಯಾರಕರು ಎಂಜಿನ್ನಿನ ಕತ್ತು ಹಿಸುಕಲೆಂದು ಇಟ್ಟಿರುತ್ತಾರೆಂಬುದು ಇಂದಿನ ತರುಣರ ನಂಬಿಕೆ. ಇದನ್ನು ನಾನು ಒಪ್ಪುವುದಿಲ್ಲ. ಒಂದು ಭಾಗ ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಆ ಪೆಟ್ಟಿಗೆ ಒಡ್ಡುವ ಅಡ್ಡಿಯನ್ನು ಲೆಕ್ಕಕ್ಕೆ ಹಿಡಿದೇ ಕಾರ್ಬುರೇಟರಿನ ಜೆಟ್ಟಿನ ರಂಧ್ರವನ್ನು ಕೊರೆದಿರುತ್ತಾರೆ. ಅಡ್ಡಿಯನ್ನು ತೆಗೆದು ರಂಧ್ರವನ್ನು ಹಾಗೆಯೇ ಬಿಟ್ಟರೆ ಗಾಳಿ ಹೆಚ್ಚಾಯಿತು, ಬಲ ಹೆಚ್ಚಲಿಲ್ಲ. ಇದು ಟೂ ಸ್ಟ್ರೋಕ್ ಎಂಜಿನ್ ಬೇರೆ. ಪಿಸ್ಟನ್ನಿಗೆ ಬೇಕಾದ ಎಣ್ಣೆ ಬರುವುದೂ ಪೆಟ್ರೋಲಿನೊಡನೆಯೇ. ಪೆಟ್ರೋಲ್ ತಗ್ಗಿದರೆ ಎಣ್ಣೆಯೂ ತಗ್ಗುತ್ತದೆ, ಶಾಖವೂ ಏರುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಎರಕದ ಕಬ್ಬಿಣದ ಸಿಲಿಂಡರಿಗಿಂತ ಹೆಚ್ಚು ಹಿಗ್ಗುತ್ತದೆ. ಘನವಸ್ತುಗಳ ವ್ಯಾಕೋಚನ ಎಂಬ ಪಾಠವನ್ನು ನನ್ನಿಂದಲೇ ಕೇಳಿದವರು ನಿಮ್ಮಲ್ಲಿ ಹಲವರಿದ್ದೀರಿ, ಹೆಚ್ಚು ಹೇಳಲಾರೆ.

ಇದರ ಜೊತೆಗೆ ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲಿನಲ್ಲೇ ಆಮ್ಲಜನಕವಿರುವುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ಮತ್ತಷ್ಟು ತೆಳುವಾಗುತ್ತದೆ. ಅಂದರೆ ಏನನ್ನೂ ಮುಟ್ಟದ ಹಳೆಯ ಗಾಡಿಯೇ ಇಂದು ತುಸು ಹಸಿದಿರುತ್ತದೆ. ಪೆಟ್ಟಿಗೆ ಕಿತ್ತ ಗಾಡಿಯ ಪಾಡು ಕೇಳುವುದೇ ಬೇಡ.

"ಮಾವ, ಹಳೆಯ ಪೆಟ್ಟಿಗೆ ಹಾಕುವುದಿಲ್ಲ, ಬೇರೇನಾದರೂ ಹೇಳಿ" ಎಂದು ಅವನು ಹಟ ಹಿಡಿದ. ನನ್ನ ಅಭಿಪ್ರಾಯದಲ್ಲಿ ಪೆಟ್ಟಿಗೆಯನ್ನು ಮರಳಿ ಹಾಕುವುದೇ ಲೇಸು. ಆದರೆ ಗಾಡಿ ಅವನದು. ಒಂದು ಷರತ್ತಿನ ಮೇಲೆ ಒಪ್ಪಿದೆ: ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ನೋಟ್ ಪುಸ್ತಕದಲ್ಲಿ ಬರೆಯತಕ್ಕದ್ದು.

ಪಿಸ್ಟನ್ನನ್ನೂ ರಿಂಗುಗಳನ್ನೂ ಬದಲಿಸಿದ ಮೇಲೆ ಮೊದಲು ಕಳ್ಳಗಾಳಿಯನ್ನು ಹುಡುಕಿದೆವು. ಕಾರ್ಬುರೇಟರ್ ಸಿಲಿಂಡರಿಗೆ ಸೇರುವ ಕಡೆ ಗ್ಯಾಸ್ಕೆಟ್ ಸಡಿಲವಾಗಿದ್ದರೂ ಇವೇ ಲಕ್ಷಣಗಳು ಕಾಣುತ್ತವೆ. ಎಂಜಿನ್ ಸಣ್ಣಗೆ ಓಡುತ್ತಿರುವಾಗ ಆ ಸಂದಿಗೆ ಎಣ್ಣೆ ಸವರಿದರೆ ಓಟದ ಗತಿ ಬದಲಾಗುತ್ತದೆಯೇ ಎಂದು ನೋಡಬೇಕು. ಬದಲಾಗಲಿಲ್ಲ. ಬಳಿಕ ಹ್ಯಾಂಡಲಿಗೆ ಕಾಗದದ ಪಟ್ಟಿ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗುರುತು ಹಾಕಿದೆವು. ಆರಂಭದ ತಿರುವಿಗೆ ಪೈಲಟ್ ಜೆಟ್, ನಡುವಿನದಕ್ಕೆ ಸೂಜಿ, ಮುಕ್ಕಾಲಿನಿಂದ ಮೇಲಕ್ಕೆ ಮೇನ್ ಜೆಟ್ ಹೊಣೆ. ಎಲ್ಲಿ ಮುಗ್ಗರಿಸುತ್ತದೆಂಬುದು ತಿಳಿಯದೆ ಎಲ್ಲ ಸ್ಕ್ರೂಗಳನ್ನೂ ತಿರುವುವುದು ರೋಗ ತಿಳಿಯದೆ ಕಷಾಯ ಕುಡಿಸಿದಂತೆ.

ಮೇನ್ ಜೆಟ್ಟನ್ನು ಬೇಕಾದುದಕ್ಕಿಂತ ದೊಡ್ಡದರಿಂದಲೇ ಆರಂಭಿಸಿ ಕೆಳಗಿಳಿಯಬೇಕು. ಪೆಟ್ರೋಲ್ ಹೆಚ್ಚಾದರೆ ಹೊಗೆ ಬರುತ್ತದೆ, ಕಡಿಮೆಯಾದರೆ ಪಿಸ್ಟನ್ ಹೋಗುತ್ತದೆ. ಇಲ್ಲಿ ಹುಡುಗ ಒಂದು ತಪ್ಪು ಲೆಕ್ಕ ಹಾಕಿದ. 92ರ ಬದಲು 96ರ ಜೆಟ್ ಹಾಕಿದರೆ ನಾಲ್ಕು ಅಂಕಗಳ ವ್ಯತ್ಯಾಸ ತಾನೇ ಎಂದ. ಆ ಸಂಖ್ಯೆ ರಂಧ್ರದ ವ್ಯಾಸವನ್ನು ಸೂಚಿಸುತ್ತದೆ. ಹರಿಯುವುದು ವಿಸ್ತೀರ್ಣಕ್ಕೆ ತಕ್ಕಂತೆ, ಅಂದರೆ ವ್ಯಾಸದ ವರ್ಗಕ್ಕೆ. ಹೆಚ್ಚಳ ಶೇಕಡಾ ಒಂಬತ್ತರ ಹತ್ತಿರ. ಇಂಜಿನಿಯರಿಂಗ್ ಓದಿದವನಿಗೆ ಇದನ್ನು ಹೇಳಿಕೊಡಬೇಕಾಯಿತಲ್ಲ ಎಂದು ಒಳಗೊಳಗೇ ಖುಷಿಪಟ್ಟದ್ದನ್ನು ಮುಚ್ಚಿಡುವುದಿಲ್ಲ.

ಸೂಜಿಯ ಕ್ಲಿಪ್ಪನ್ನು ಒಂದು ಗಾಡಿ ಕೆಳಕ್ಕೆ ಇಳಿಸಿದಾಗ ಸೂಜಿ ಮೇಲೆದ್ದು ನಡುವಿನ ಮುಗ್ಗರಿಕೆ ನಿಂತಿತು. ಜನಸಂಚಾರವಿಲ್ಲದ ರಸ್ತೆಯಲ್ಲಿ ಪೂರ್ತಿ ತಿರುವಿ, ಎಂಜಿನ್ ಆರಿಸಿ, ಕ್ಲಚ್ ಹಿಡಿದು ನಿಲ್ಲಿಸಿ ಪ್ಲಗ್ ನೋಡಿದಾಗ ಕಾಫಿಪುಡಿಯ ಬಣ್ಣ ಕಂಡಿತು. ಇದಕ್ಕೆ ನಾಲ್ಕು ಭಾನುವಾರಗಳು ಹಿಡಿದವು.

ಆದರೂ ಮಂಗಳೂರಿಗೆ ಹೋಗುವುದಾದರೆ ದೊಡ್ಡ ಜೆಟ್ಟೊಂದನ್ನು ಜೇಬಿನಲ್ಲಿಟ್ಟುಕೊಳ್ಳೆಂದು ಹೇಳಿದ್ದೇನೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಘಟ್ಟ ಇಳಿದಂತೆ ಗಾಳಿಯ ಸಾಂದ್ರತೆ ಹೆಚ್ಚಿ ಮಿಶ್ರಣ ಮತ್ತೆ ತೆಳುವಾಗುತ್ತದೆ. ಧೂಳಿನ ಚಿಂತೆಯೂ ಇದೆ. ಈ ಎಂಜಿನ್ನಿನಲ್ಲಿ ಒಳಬಂದ ಗಾಳಿ ಕ್ರ್ಯಾಂಕಿನ ಬೇರಿಂಗುಗಳ ಮೂಲಕವೇ ಹಾದುಹೋಗಬೇಕಾದ್ದರಿಂದ ಆ ಶಂಕು ಫಿಲ್ಟರನ್ನು ಅವನು ಎಷ್ಟು ಶ್ರದ್ಧೆಯಿಂದ ತೊಳೆಯುತ್ತಾನೋ ನೋಡಬೇಕು.

ಕಳಚಿದ ಮೂಲ ಪೆಟ್ಟಿಗೆಯನ್ನು ಅವನು ಗುಜರಿಗೆ ಹಾಕಲು ಹೊರಟಿದ್ದ. ಕೇಳಿ ಪಡೆದು, ಒರೆಸಿ, ನಮ್ಮ ಅಟ್ಟದ ಮೇಲೆ ಇಟ್ಟಿದ್ದೇನೆ. ಅವನಿಗೆ ಬೇಕಾದ ದಿನ ಬಂದು ಒಯ್ಯಲಿ.