ರನ್‌ವೇ ಬಾಡಿಗೆಯ ಆದಾಯ ಮತ್ತು ಆಕಾಶದಿಂದ ಇಳಿಯುವ ಹೊಣೆ

ಕಳೆದ ಆರ್ಥಿಕ ವರ್ಷದ ಕೊನೆಯ ವಾರದಲ್ಲಿ, ಲೆಕ್ಕಪತ್ರಗಳ ಒತ್ತಡದ ನಡುವೆಯೇ, ಬಹುಕಾಲದ ಪರಿಚಿತರಾದ ಉದ್ಯಮಿಯೊಬ್ಬರು ಯೋಜನಾ ವರದಿಯೊಂದನ್ನು ಹಿಡಿದು ನಮ್ಮ ಕಛೇರಿಗೆ ಬಂದರು. ಸಣ್ಣ ವಿಮಾನ ನಿಲ್ದಾಣವೊಂದರ ರನ್‌ವೇಯನ್ನು ಬಿಡುವಿನ ವೇಳೆಯಲ್ಲಿ ಗಂಟೆಯ ಲೆಕ್ಕಕ್ಕೆ ಬಾಡಿಗೆ ಪಡೆದು ಪ್ರವಾಸಿಗಳಿಗೆ ಸ್ಕೈಡೈವಿಂಗ್, ಅಂದರೆ ವಿಮಾನದಿಂದ ಜಿಗಿದು ಪ್ಯಾರಾಚೂಟಿನ ನೆರವಿನಿಂದ ಇಳಿಯುವ ಸಾಹಸ ಕ್ರೀಡೆಯನ್ನು ಒದಗಿಸುವುದು ಅವರ ಉದ್ದೇಶವಾಗಿತ್ತು. ಬ್ಯಾಂಕಿನ ಸಾಲಕ್ಕಾಗಿ ಮುಂದಿನ ಐದು ವರ್ಷಗಳ ಅಂದಾಜು ಲಾಭ-ನಷ್ಟ ಖಾತೆಗೆ ನನ್ನ ಸಹಿ ಬೇಕಾಗಿತ್ತು. ಜಿಗಿತಕ್ಕೆ ಶುಲ್ಕ, ವಿಡಿಯೋ ಚಿತ್ರಣಕ್ಕೆ ಪ್ರತ್ಯೇಕ ಶುಲ್ಕ, ಟೀ ಶರ್ಟು ಮಾರಾಟದಿಂದ ಬರುವ ಆದಾಯ, ಎಲ್ಲವೂ ಅಚ್ಚುಕಟ್ಟಾಗಿ ನಮೂದಾಗಿದ್ದವು. ವಿಮೆಯ ವೆಚ್ಚ ಎಲ್ಲಿದೆ ಎಂದು ಹುಡುಕಿದಾಗ ಅದು ‘ಲೇಖನ ಸಾಮಗ್ರಿ, ವಿಮೆ ಮತ್ತು ಇತರೆ’ ಎಂಬ ಒಂದೇ ಸಾಲಿನಲ್ಲಿ ಅಡಗಿತ್ತು.

ರನ್‌ವೇ ಹತ್ತಿರ ಇದು ಅಪಾಯವಲ್ಲವೇ ಎಂದು ಕೇಳಿದೆ. “ಸಾರ್, ಅಲ್ಲಿಗೆ ದಿನಕ್ಕೆ ಬರುವುದೇ ಎರಡು ವಿಮಾನ. ಉಳಿದ ಹೊತ್ತೆಲ್ಲ ರನ್‌ವೇ ಖಾಲಿ ಬಿದ್ದಿರುತ್ತದೆ” ಎಂದರು. ವ್ಯಾಪಾರಿಯ ದೃಷ್ಟಿಯಿಂದ ಈ ಉತ್ತರದಲ್ಲಿ ತಪ್ಪೇನೂ ಇಲ್ಲ. ಖಾಲಿ ಬಿದ್ದ ಗೋದಾಮನ್ನು ಬಾಡಿಗೆಗೆ ಕೊಡುವುದು ನಮ್ಮೆಲ್ಲರ ರೂಢಿಯೇ ಆಗಿದೆ. ಆದರೆ ರನ್‌ವೇ ಗೋದಾಮಲ್ಲ. ಗೋದಾಮಿನ ಬಾಡಿಗೆದಾರನಿಂದಾಗುವ ಹಾನಿ ಬಹುಮಟ್ಟಿಗೆ ಅದರ ನಾಲ್ಕು ಗೋಡೆಗಳೊಳಗೇ ಉಳಿಯುತ್ತದೆ.

ಈ ವಿಷಯ ವಾಣಿಜ್ಯೋದ್ಯಮಿ ಬಂಧುಗಳಿಗೆ ಹೇಗೆ ಸಂಬಂಧಿಸುತ್ತದೆ ಎಂಬ ಪ್ರಶ್ನೆ ಸಹಜ. ಕಲಬುರಗಿಯಲ್ಲಿ 2019ರಲ್ಲಿ, ಶಿವಮೊಗ್ಗದಲ್ಲಿ 2023ರಲ್ಲಿ ವಿಮಾನ ನಿಲ್ದಾಣಗಳು ಉದ್ಘಾಟನೆಗೊಂಡವು. ಜಿಲ್ಲಾ ಕೇಂದ್ರಗಳಿಗೆ ವಿಮಾನ ಬೇಕೆಂದು ವರ್ಷಗಟ್ಟಲೆ ಮನವಿ ಸಲ್ಲಿಸಿದವರಲ್ಲಿ ನಮ್ಮಂತಹ ವಾಣಿಜ್ಯ ಸಂಸ್ಥೆಗಳೇ ಮುಂಚೂಣಿಯಲ್ಲಿದ್ದವು. ಇಂತಹ ನಿಲ್ದಾಣಗಳಲ್ಲಿ ವಿಮಾನಗಳ ಸಂಖ್ಯೆ ಕಡಿಮೆ, ನಿರ್ವಹಣೆಯ ವೆಚ್ಚ ಹೆಚ್ಚು. ಹೆಚ್ಚುವರಿ ಆದಾಯದ ಪ್ರಸ್ತಾವಗಳು ಬಂದಾಗ ಪ್ರವಾಸೋದ್ಯಮದ ಹೆಸರಿನಲ್ಲಿ ನಮ್ಮ ಬೆಂಬಲವನ್ನು ಕೋರುವುದೂ ಸಹಜವೇ. ಬೆಂಬಲ ಪತ್ರಕ್ಕೆ ಸಹಿ ಹಾಕುವ ಮೊದಲು ಕ್ರೀಡೆಯ ಸ್ವರೂಪವನ್ನು ತಿಳಿದಿರುವುದು ಲೇಸು.

ಜಿಗಿಯುವವರು ಸಾಮಾನ್ಯವಾಗಿ 10,000 ಅಡಿ ಅಥವಾ ಅದಕ್ಕೂ ಎತ್ತರದಿಂದ ಹೊರಬೀಳುತ್ತಾರೆ. ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಬೀಳುತ್ತಾ ಬಂದು ಮೂರು-ಐದು ಸಾವಿರ ಅಡಿಗಳ ನಡುವೆ ಪ್ಯಾರಾಚೂಟನ್ನು ಬಿಚ್ಚುತ್ತಾರೆ. ಅಲ್ಲಿಂದ ನೆಲ ಮುಟ್ಟಲು ಸುಮಾರು ಐದು ನಿಮಿಷ ಹಿಡಿಯುತ್ತದೆ. ಗಂಟೆಗೆ 18 ಕಿಲೋಮೀಟರಿನ ಸಾಧಾರಣ ಗಾಳಿ ಇದ್ದರೂ ಅದು ಸೆಕೆಂಡಿಗೆ ಐದು ಮೀಟರು. 300 ಸೆಕೆಂಡುಗಳಲ್ಲಿ 1,500 ಮೀಟರು. ಮೈಸೂರಿನ ಮಂಡಕಳ್ಳಿ ರನ್‌ವೇಯ ಪೂರ್ಣ ಉದ್ದವೇ 1,740 ಮೀಟರು! ನುರಿತವರು ಪ್ಯಾರಾಚೂಟನ್ನು ಗಾಳಿಗೆ ಎದುರಾಗಿ ತಿರುಗಿಸಿ ನಿಗದಿತ ಸ್ಥಳದಲ್ಲೇ ಇಳಿಯಬಲ್ಲರು ಎಂಬುದು ನಿಜ. ಆದರೆ ಒಂಟಿಯಾಗಿ ಜಿಗಿಯಲು ಕಲಿಯುತ್ತಿರುವವರೆಲ್ಲರೂ ನುರಿತವರಲ್ಲ. ಮುಖ್ಯ ಪ್ಯಾರಾಚೂಟು ಸರಿಯಾಗಿ ಬಿಚ್ಚದಿದ್ದಲ್ಲಿ ಅದನ್ನು ಕಳಚಿಬಿಟ್ಟು ಮೀಸಲು ಪ್ಯಾರಾಚೂಟನ್ನು ತೆರೆಯಬೇಕಾಗುತ್ತದೆ. ಕಳಚಿದ ಬಟ್ಟೆ ಮತ್ತು ಹಗ್ಗಗಳ ರಾಶಿ ಯಾರ ಹಿಡಿತವೂ ಇಲ್ಲದೆ ಗಾಳಿ ಕೊಂಡೊಯ್ದಲ್ಲಿಗೆ ಹೋಗಿ ಬೀಳುತ್ತದೆ. ಅದು ರನ್‌ವೇಯ ಮೇಲೆ ಬಿದ್ದು ತಿರುಗುತ್ತಿರುವ ಪ್ರೊಪೆಲ್ಲರಿಗೆ ಸಿಲುಕಿದರೆ ಏನಾದೀತೆಂದು ಊಹಿಸಲು ತಾಂತ್ರಿಕ ಜ್ಞಾನವೇನೂ ಬೇಕಿಲ್ಲ.

ಇದು ಕೇವಲ ಕಲ್ಪನೆಯ ಭಯವಲ್ಲ. 2014ರ ಮಾರ್ಚಿನಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಮಲ್ಬರಿ ಎಂಬಲ್ಲಿ, ನಿಯಂತ್ರಣ ಗೋಪುರವಿಲ್ಲದ ಸಣ್ಣ ವಿಮಾನ ನಿಲ್ದಾಣವೊಂದರಲ್ಲಿ, 87 ವರ್ಷದ ಪೈಲಟ್ ಒಬ್ಬರು ಇಳಿದು ಮತ್ತೆ ಏರುವ ಅಭ್ಯಾಸ ನಡೆಸಿದ್ದರು. ಅದೇ ಸಮಯಕ್ಕೆ ಒಬ್ಬ ಜಿಗಿತಗಾರ ಪ್ಯಾರಾಚೂಟಿನಲ್ಲಿ ಇಳಿಯುತ್ತಿದ್ದನು. ವಿಮಾನದ ರೆಕ್ಕೆ ಪ್ಯಾರಾಚೂಟಿನ ಹಗ್ಗಗಳಿಗೆ ಸಿಕ್ಕಿಕೊಂಡಿತು. ಜಿಗಿತಗಾರ ದೂರಕ್ಕೆ ಎಸೆಯಲ್ಪಟ್ಟನು, ವಿಮಾನ ಮೂಗು ಕೆಳಗಾಗಿ ನೆಲಕ್ಕೆ ಅಪ್ಪಳಿಸಿತು. ಛಾಯಾಗ್ರಾಹಕರೊಬ್ಬರು ಕ್ಷಣಕ್ಷಣವನ್ನೂ ಸೆರೆಹಿಡಿದಿದ್ದರಿಂದ ಆ ಚಿತ್ರಗಳು ಜಗತ್ತಿನಾದ್ಯಂತ ಪ್ರಕಟವಾದವು. ಅದೃಷ್ಟವಶಾತ್ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. 1993ರ ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅಂತಹ ಅದೃಷ್ಟವಿರಲಿಲ್ಲ. ಬೀಳುತ್ತಿದ್ದ ಜಿಗಿತಗಾರನೊಬ್ಬ ಹಾದುಹೋಗುತ್ತಿದ್ದ ಸಣ್ಣ ವಿಮಾನದ ಬಾಲಕ್ಕೆ ತಾಗಿದನು. ವಿಮಾನದಲ್ಲಿದ್ದ ನಾಲ್ವರೂ ಮೃತಪಟ್ಟರು. ಜಿಗಿದವನು ಗಾಯಗೊಂಡರೂ ಪ್ಯಾರಾಚೂಟಿನಲ್ಲಿ ಇಳಿದು ಬದುಕುಳಿದನು.

ಈ ಎರಡನೆಯ ಘಟನೆಯನ್ನು ಓದುಗರು ತುಸು ಆಲೋಚಿಸಬೇಕು. ಸಾಹಸವನ್ನು ಆಯ್ದುಕೊಂಡವನು ಒಬ್ಬ, ಪ್ರಾಣ ತೆತ್ತವರು ಆ ಸಾಹಸದ ಸುಳಿವೇ ಇಲ್ಲದ ನಾಲ್ವರು. ಸಾಹಸ ಕ್ರೀಡೆಗಳ ವಿಷಯದಲ್ಲಿ ‘ಅವರವರ ಇಷ್ಟ, ಅವರವರ ಅಪಾಯ’ ಎಂಬ ಮಾತು ಬೆಟ್ಟ ಹತ್ತುವವನಿಗೆ ಅನ್ವಯಿಸಬಹುದು, ವಿಮಾನಗಳು ಸಂಚರಿಸುವ ಆಕಾಶದಲ್ಲಿ ಅನ್ವಯಿಸುವುದಿಲ್ಲ.

ಆಕಾಶದಲ್ಲಿ ಬೀಳುತ್ತಿರುವ ಮನುಷ್ಯನ ಬಳಿ ತನ್ನ ಇರವನ್ನು ತಿಳಿಸುವ ಟ್ರಾನ್ಸ್‌ಪಾಂಡರ್ ಉಪಕರಣ ಇರುವುದಿಲ್ಲ. ರೆಕ್ಕೆ ಮೇಲ್ಭಾಗದಲ್ಲಿರುವ ಸಣ್ಣ ವಿಮಾನಗಳಲ್ಲಿ ಪೈಲಟ್‌ಗೆ ತಲೆಯ ಮೇಲಿನ ಆಕಾಶ ಕಾಣುವುದೇ ಕಷ್ಟ. ಆದ್ದರಿಂದಲೇ ಅಮೆರಿಕದ ನಿಯಮಾವಳಿಯು ಜಿಗಿತಕ್ಕೆ ಕನಿಷ್ಠ ಐದು ನಿಮಿಷ ಮೊದಲು ಪೈಲಟ್ ರೇಡಿಯೋ ಮೂಲಕ ವಾಯು ಸಂಚಾರ ನಿಯಂತ್ರಣವನ್ನು ಸಂಪರ್ಕಿಸಬೇಕೆಂದು ವಿಧಿಸುತ್ತದೆ. ಮೋಡಗಳ ಮೂಲಕ ಜಿಗಿಯುವುದನ್ನು ನಿಷೇಧಿಸುತ್ತದೆ. ಗೋಪುರವಿಲ್ಲದ ನಿಲ್ದಾಣದಲ್ಲಿ ಇಳಿಯಲು ಅದರ ಆಡಳಿತದ ಪೂರ್ವಾನುಮತಿ ಬೇಕು.

ಹಾಗೆಂದು ಅಲ್ಲಿ ನಿಲ್ದಾಣದ ಮಾಲೀಕರು ಸ್ಕೈಡೈವಿಂಗನ್ನು ತಮ್ಮ ಇಚ್ಛೆಯಂತೆ ನಿರಾಕರಿಸುವಂತಿಲ್ಲ. ಕೇಂದ್ರ ಸರ್ಕಾರದ ಅನುದಾನ ಪಡೆದ ನಿಲ್ದಾಣವು ಎಲ್ಲ ಬಗೆಯ ವೈಮಾನಿಕ ಚಟುವಟಿಕೆಗಳಿಗೂ ನ್ಯಾಯಸಮ್ಮತ ಷರತ್ತುಗಳ ಮೇಲೆ ಅವಕಾಶ ನೀಡಬೇಕು ಎಂಬುದು ಅನುದಾನದ ಕರಾರು. ಸುರಕ್ಷತೆಯ ಕಾರಣವಿದ್ದರೆ ಮಾತ್ರ ನಿರಾಕರಿಸಬಹುದು, ಆ ಕಾರಣ ಸರಿಯೇ ಎಂದು ಅಂತಿಮವಾಗಿ ತೀರ್ಮಾನಿಸುವುದು ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ ಎಂಬ ಕೇಂದ್ರ ಪ್ರಾಧಿಕಾರ. ಈ ವ್ಯವಸ್ಥೆ ನನಗೆ ಮೆಚ್ಚುಗೆಯಾಗಿದೆ. ಸಣ್ಣ ಉದ್ಯಮಿಯನ್ನು ಸ್ಥಳೀಯರ ಮುನಿಸಿಗೆ ಬಲಿಕೊಡುವುದಿಲ್ಲ, ಸುರಕ್ಷತೆಯನ್ನು ಲಾಭಕ್ಕೆ ಒತ್ತೆಯಿಡುವುದೂ ಇಲ್ಲ. ಅಪಾಯವಿದೆ ಎಂದೊಡನೆ ನಿಷೇಧಿಸಿರೆನ್ನುವುದು ನನ್ನ ವಾದವಲ್ಲ. ಹಾಗೆ ನಿಷೇಧಿಸುತ್ತ ಹೋದರೆ ನಮ್ಮ ಸದಸ್ಯರ ಪೈಕಿ ಬಾಯ್ಲರ್ ಇಟ್ಟುಕೊಂಡವರೆಲ್ಲ ಬಾಗಿಲು ಮುಚ್ಚಬೇಕಾದೀತು.

ಆದರೆ ಅಲ್ಲಿಯೂ ಮೇಲ್ವಿಚಾರಣೆ ಸಾಲದೆಂಬುದನ್ನು ಹವಾಯಿಯ ದುರಂತ ತೋರಿಸಿತು. 2019ರ ಜೂನ್ 21ರಂದು ಡಿಲಿಂಗ್‌ಹ್ಯಾಮ್ ವಿಮಾನ ನೆಲೆಯಿಂದ ಜಿಗಿತಗಾರರನ್ನು ಹೊತ್ತು ಏರಿದ ವಿಮಾನ ಕೆಲವೇ ಕ್ಷಣಗಳಲ್ಲಿ ನೆಲೆಯ ಬೇಲಿಯ ಬಳಿಯೇ ಬಿದ್ದು 11 ಮಂದಿ ಸತ್ತರು. ಅದೇ ವಿಮಾನ 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಲದ ಭಾಗವನ್ನೇ ಕಳೆದುಕೊಂಡು ದುರಸ್ತಿಯಾಗಿದ್ದಿತು. ತನಿಖೆ ನಡೆಸಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಇಂತಹ ಹಾರಾಟಗಳ ಮೇಲಿನ ಸರ್ಕಾರಿ ನಿಗಾ ಸಡಿಲವೆಂದು ಟೀಕಿಸಿತು.

ಇನ್ನು ಹೊಣೆಯ ಪ್ರಶ್ನೆ. 1967ರ ಆಗಸ್ಟ್ 27ರಂದು ಒಹಾಯೋ ರಾಜ್ಯದಲ್ಲಿ ಹಳೆಯ ಬಿ-25 ಯುದ್ಧವಿಮಾನದಿಂದ 18 ಮಂದಿ ಮೋಡಗಳ ಮೇಲಿನಿಂದ ಜಿಗಿದರು. ನೆಲದ ಮೇಲಿನ ನಿಯಂತ್ರಕನು ಬೇರೊಂದು ವಿಮಾನವನ್ನು ಇವರದೆಂದು ತಪ್ಪಾಗಿ ಗುರುತಿಸಿ, ಗುರಿ ತಲುಪಿದ್ದೀರಿ ಎಂದಿದ್ದನು. ಮೋಡ ದಾಟಿದಾಗ ಕೆಳಗೆ ಕಂಡದ್ದು ಈರಿ ಸರೋವರದ ನೀರು! 16 ಮಂದಿ ಮುಳುಗಿದರು. ಮೋಡಗಳ ಮೂಲಕ ಜಿಗಿದದ್ದು ನಿಯಮಬಾಹಿರವಾಗಿದ್ದರೂ, ಮೃತರ ಕುಟುಂಬದವರು ಹೂಡಿದ ದಾವೆಯಲ್ಲಿ ನಿಯಂತ್ರಕನ ತಪ್ಪಿಗಾಗಿ ಸರ್ಕಾರವೇ ಹೊಣೆಯೆಂದು ನ್ಯಾಯಾಲಯ ತೀರ್ಮಾನಿಸಿತು. 1975ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅಂದರೆ ಕ್ರೀಡೆಯಿಂದ ಒಂದು ಕಾಸನ್ನೂ ಗಳಿಸದವರ ಮೇಲೂ ಹೊಣೆ ಬರಬಹುದು.

ನನ್ನ ಪರಿಚಿತರ ಕಡತದಲ್ಲಿ ಒಂದು ಒಪ್ಪಿಗೆ ಪತ್ರದ ನಮೂನೆಯೂ ಇತ್ತು. ‘ಯಾವುದೇ ಅಪಾಯಕ್ಕೆ ನಾನೇ ಜವಾಬ್ದಾರ’ ಎಂದು ಜಿಗಿಯುವವರು ಸಹಿ ಮಾಡಬೇಕು. ಅವರು ಅದನ್ನೇ ವಿಮೆಯೆಂದು ಭಾವಿಸಿದ್ದರು. ಆ ಪತ್ರ ಸಹಿ ಮಾಡಿದವನಿಗಷ್ಟೇ ಸಂಬಂಧಿಸಿದ್ದು. ಇಳಿಯಲು ಬರುತ್ತಿರುವ ವಿಮಾನದಲ್ಲಿನ ಪ್ರಯಾಣಿಕ ಯಾವ ಪತ್ರಕ್ಕೂ ಸಹಿ ಮಾಡಿರುವುದಿಲ್ಲ. ಲೆಕ್ಕಪರಿಶೋಧಕನ ಕಣ್ಣಿಗೆ ಬೀಳುವ ತೊಡಕು ಇನ್ನೊಂದಿದೆ. ಇನ್ನೂ ನಡೆಯದ ಅಪಘಾತವನ್ನು ಲೆಕ್ಕಪತ್ರ ಮಾನದಂಡ 29ರ ಪ್ರಕಾರ ಅನಿಶ್ಚಿತ ಹೊಣೆಯೆಂದೂ ತೋರಿಸುವಂತಿಲ್ಲ, ಏಕೆಂದರೆ ಅದಕ್ಕೆ ಹಿಂದೆ ನಡೆದ ಘಟನೆಯೊಂದು ಆಧಾರವಾಗಿರಬೇಕು. ಆದುದರಿಂದ ಬಾಡಿಗೆಯ ಆದಾಯ ಪ್ರತಿ ತಿಂಗಳೂ ಜಮಾ ಆಗುತ್ತದೆ, ಅಪಾಯ ಮಾತ್ರ ಅಢಾವೆ ಪತ್ರಿಕೆಯ ಯಾವ ಬದಿಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಅದು ಪುಸ್ತಕದಲ್ಲಿ ಕಾಣುವ ಏಕೈಕ ಸ್ಥಳ ವಿಮಾ ಕಂತಿನ ಖರ್ಚು. ಅದನ್ನೇ ‘ಇತರೆ’ಯಲ್ಲಿ ಸೇರಿಸಿಬಿಟ್ಟರೆ ಬ್ಯಾಂಕಿನವರಿಗಾಗಲಿ ಪಾಲುದಾರರಿಗಾಗಲಿ ತಿಳಿಯುವ ಬಗೆಯೇ ಇಲ್ಲ.

ನಮ್ಮ ದೇಶದಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು 2022ರ ಜೂನ್‌ನಲ್ಲಿ ರಾಷ್ಟ್ರೀಯ ವಾಯು ಕ್ರೀಡಾ ನೀತಿಯನ್ನು ಪ್ರಕಟಿಸಿತು. ಸ್ಕೈಡೈವಿಂಗ್ ಕೂಡ ಅದರ ವ್ಯಾಪ್ತಿಗೆ ಬರುತ್ತದೆ. ನೀತಿ ಸ್ವಾಗತಾರ್ಹ, ಆದರೆ ನಿರ್ದಿಷ್ಟ ನಿಲ್ದಾಣವೊಂದರಲ್ಲಿ ಗಾಳಿ ಯಾವ ಕಡೆಗೆ ಬೀಸುತ್ತದೆ, ಇಳಿಯುವ ಮೈದಾನ ಎಲ್ಲಿದೆ ಎಂಬುದನ್ನು ದೆಹಲಿಯ ನೀತಿ ಹೇಳಲಾರದು. ಅದನ್ನು ಸ್ಥಳದಲ್ಲೇ ಬರೆದಿಡಬೇಕು. ಇಳಿಯುವ ಜಾಗ ರನ್‌ವೇಯಿಂದಲೂ ವಿಮಾನಗಳು ಇಳಿದು ಏರುವ ಮಾರ್ಗದಿಂದಲೂ ದೂರವಿರಬೇಕು, ಅಲ್ಲಿಂದ ಹಿಂದಿರುಗುವವರು ರನ್‌ವೇ ದಾಟುವಂತಿರಬಾರದು. ನಿಗದಿತ ವಿಮಾನ ತಡವಾದರೆ ಅಂದಿನ ಜಿಗಿತವೇ ರದ್ದಾಗಬೇಕೆಂಬ ಷರತ್ತು ಕರಾರಿನಲ್ಲಿರಬೇಕು, ಏಕೆಂದರೆ ನಮ್ಮಲ್ಲಿ ವಿಮಾನಗಳು ವೇಳಾಪಟ್ಟಿಯನ್ನು ಎಷ್ಟರಮಟ್ಟಿಗೆ ಗೌರವಿಸುತ್ತವೆಂಬುದು ಓದುಗರಿಗೆ ತಿಳಿದೇ ಇದೆ. ನಿಲ್ದಾಣದ ಮಾಲೀಕರನ್ನೂ ಒಳಗೊಂಡ ಮೂರನೇ ವ್ಯಕ್ತಿಯ ಹೊಣೆಗಾರಿಕೆ ವಿಮೆಯ ಪಾಲಿಸಿ ಕೈಗೆ ಬರುವವರೆಗೆ ಮೊದಲ ಜಿಗಿತಕ್ಕೆ ಅನುಮತಿ ಕೂಡದು. ನಮ್ಮ ಸಂಸ್ಥೆಯು ಇಂತಹ ಪ್ರಸ್ತಾವಗಳಿಗೆ ಬೆಂಬಲ ಪತ್ರ ನೀಡುವುದಾದಲ್ಲಿ ಈ ದಾಖಲೆಗಳನ್ನು ಕೇಳಿ ಪಡೆದ ನಂತರವೇ ನೀಡತಕ್ಕದ್ದು ಎಂದು ಕಾರ್ಯಕಾರಿ ಸಮಿತಿಯನ್ನು ವಿನಂತಿಸುತ್ತೇನೆ.

ಪರಿಚಿತರಿಗೆ ನಾನು ಅಂದು ಸಹಿ ಮಾಡಿಕೊಡಲಿಲ್ಲ. ವಿಮಾ ಕಂಪನಿಯಿಂದ ಲಿಖಿತ ದರಪಟ್ಟಿ ತಂದು, ಅದನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ, ಲಾಭ ಉಳಿಯುವುದೇ ಎಂದು ನೋಡೋಣ ಎಂದೆ. ಅವರಿಗೆ ಬೇಸರವಾಯಿತು, ಚಹಾ ಕೂಡ ಪೂರ್ತಿ ಕುಡಿಯಲಿಲ್ಲ. ಎರಡು ವಾರದ ಬಳಿಕ ಅವರೇ ದೂರವಾಣಿ ಮಾಡಿದರು. ಇಬ್ಬರು ವಿಮಾದಾರರು ಕೇಳಿದ ಮೊದಲ ಪ್ರಶ್ನೆ ಇಳಿಯುವ ಜಾಗಕ್ಕೂ ರನ್‌ವೇಗೂ ಎಷ್ಟು ಮೀಟರ್ ಅಂತರ ಎಂಬುದಂತೆ. ಅವರೀಗ ನಿಲ್ದಾಣದಾಚೆಯ ಜಮೀನೊಂದನ್ನು ಗೇಣಿಗೆ ಕೇಳುತ್ತಿದ್ದಾರೆ, ಯೋಜನಾ ವರದಿ ಮತ್ತೆ ಸಿದ್ಧವಾಗುತ್ತಿದೆ.