ಅಂಗುಳದಲ್ಲೊಂದು ಗಂಟು

ಕಳೆದ ಗೋಕುಲಾಷ್ಟಮಿಯಲ್ಲಿ ನಿಪ್ಪಟ್ಟಿನ ಚೂರೊಂದು ಅಂಗುಳಕ್ಕೆ ಚುಚ್ಚಿತು. ಉರಿಯುವ ಜಾಗವನ್ನು ನಾಲಿಗೆಯಿಂದ ತಡಕಿದರೆ ಅಲ್ಲೊಂದು ಗಂಟು! ಕಲ್ಲಿನಷ್ಟು ಗಟ್ಟಿ. ನಮ್ಮ ಸೋದರಮಾವ ತೀರಿಕೊಂಡಿದ್ದು ಬಾಯಿಯ ಕ್ಯಾನ್ಸರಿನಿಂದ. ಎದೆ ಧಸಕ್ಕೆಂದಿತು. ಯಾರಿಗೂ ಹೇಳದೆ 3 ವಾರ ಮುಚ್ಚಿಟ್ಟೆ. ಬಿಸಿ ಸಾರು ಬಿಟ್ಟು ಮೊಸರನ್ನದಲ್ಲೇ ದಿನ ದೂಡಿದೆ. ಕಂಡುಹಿಡಿದವಳು 8ನೇ ತರಗತಿಯ ಮಗಳು. "ನನ್ನನ್ನಾದ್ರೆ ಹಲ್ಲಿನ ಡಾಕ್ಟರ್ ಹತ್ರ ಎಳ್ಕೊಂಡು ಹೋಗ್ತೀಯ, ನೀನು ಮಾತ್ರ ಹೋಗಲ್ವಾ ಅಮ್ಮಾ?"

ವಿಜಯನಗರದ ನಮ್ಮ ದಂತವೈದ್ಯೆ ಬೆರಳಿನಿಂದ ಒತ್ತಿ ನೋಡಿ, ಕೈಗೆ ಕನ್ನಡಿ ಕೊಟ್ಟರು. "ಇದು ಮೂಳೆ ಕಣ್ರೀ. ಅಂಗುಳದ ನಟ್ಟನಡುವೆ ಬೆಳೆದಿದೆ. ಟೋರಸ್ ಅಂತೀವಿ. ಕ್ಯಾನ್ಸರ್ ಅಲ್ಲ, ಮುಂದೆ ಹಾಗೆ ತಿರುಗೋದೂ ಇಲ್ಲ." ಅದು ವರ್ಷಗಳಿಂದ ನಿಧಾನವಾಗಿ ಬೆಳೆದದ್ದಂತೆ, ನಿಪ್ಪಟ್ಟು ತೋರಿಸಿಕೊಟ್ಟಿತು, ಅಷ್ಟೆ. ಮೇಲಿನ ಪೊರೆ ತೆಳು, ಅದಕ್ಕೇ ಬೇಗ ಗೀರುತ್ತದೆ, ತಡವಾಗಿ ಮಾಯುತ್ತದೆ. ಅಂಗುಳದ ಗಂಟು ಹೆಂಗಸರಲ್ಲೇ ಹೆಚ್ಚು. ಕೆಲವರಿಗೆ ಕೆಳದವಡೆಯ ಒಳಬದಿಯಲ್ಲಿ, ನಾಲಿಗೆಯ ಎರಡೂ ಪಕ್ಕ ಇರುತ್ತದೆ. ತೊಂದರೆ ಕೊಡದಿದ್ದರೆ ಮುಟ್ಟಬೇಕಾಗಿಲ್ಲ.

ಆದರೆ ಮುಚ್ಚಿಟ್ಟದ್ದಕ್ಕೆ ಚೆನ್ನಾಗಿ ಬೈದರು. ಗಂಟು ಮೆತ್ತಗಿದ್ದರೆ, ಬೇಗ ಬೆಳೆದರೆ, ರಕ್ತ ಬಂದರೆ, ಹುಣ್ಣು 2 ವಾರಕ್ಕೂ ಮಾಯದಿದ್ದರೆ ಒಂದು ದಿನವೂ ಕಾಯಬಾರದು. ಎಲೆಅಡಿಕೆ, ಹೊಗೆಸೊಪ್ಪಿನ ಅಭ್ಯಾಸವಿದ್ದವರಂತೂ ಸರಿಯೇ ಸರಿ.

"ವಂಶದಲ್ಲಿ ಬರೋದುಂಟು" ಎಂದಾಗ ಕೆಂಗೇರಿಯಲ್ಲಿರುವ ಅಮ್ಮನ ನೆನಪಾಯಿತು. ಅಮ್ಮನ ಮೇಲಿನ ಹಲ್ಲಿನ ಸೆಟ್ಟು ಎಂದೂ ಸರಿಯಾಗಿ ಕೂತದ್ದಿಲ್ಲ. ಪಾಪ, ಮಾಡಿಕೊಟ್ಟವರಿಗೆ ಅದೆಷ್ಟು ಬೈಗುಳ! ನೋಡಿದರೆ ಅವರ ಗಂಟು ನನ್ನದಕ್ಕಿಂತ ದೊಡ್ಡದು. ಅಂಥವರಿಗೆ ತೆಗೆಯಬೇಕಾಗುತ್ತದೆ. ಕುಂಬಳಗೋಡಿನ ದಂತ ಕಾಲೇಜಿನಲ್ಲಿ ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಪೊರೆ ಬಿಡಿಸಿ, ಮೂಳೆಯನ್ನು ಡ್ರಿಲ್ಲಿನಿಂದ ಸೀಳಿ ಚೂರುಚೂರಾಗಿ ತೆಗೆದು, ನುಣುಪು ಮಾಡಿ ಹೊಲಿದರು. ಮುಂಚೆಯೇ ಒಂದು ಪ್ರಶ್ನೆ ಕೇಳಿದ್ದರು: ಮೂಳೆಸವೆತಕ್ಕೆ ಮಾತ್ರೆ, ಇಂಜೆಕ್ಷನ್ ಏನಾದರೂ ಇದೆಯಾ? ಅವುಗಳಲ್ಲಿ ಕೆಲವು ದವಡೆಯ ಗಾಯ ಮಾಯಲು ಬಿಡುವುದಿಲ್ಲವಂತೆ. ನಿಮ್ಮ ಮನೆಯ ಹಿರಿಯರಿದ್ದರೆ ಇದನ್ನು ಮರೆಯದೆ ಹೇಳಿ.

ಹುಣ್ಣು ಪೂರ್ತಿ ಆರಿದ ಮೇಲೆ ಅಮ್ಮನಿಗೆ ಹೊಸ ಸೆಟ್ಟು ಬಂತು. ಮೊನ್ನೆ ಕೋಡುಬಳೆ ಕೇಳಿದರು. ಮಗಳೋ, ಮೊಬೈಲ್ ಟಾರ್ಚ್ ಹಿಡಿದು ಬಂದವರೆಲ್ಲರ ಬಾಯಿ ತೆರೆಸುತ್ತಿದ್ದಾಳೆ. ಅವಳ ಅಂಗುಳ ಸದ್ಯಕ್ಕೆ ನುಣ್ಣಗಿದೆ.