ಮೂರು ಬಣ್ಣದ ಮರಿ ಹೆಣ್ಣೇ ಏಕೆ?

ಮೈಸೂರಿನ ಅಶೋಕಪುರಂನಿಂದ ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ: "ನಮ್ಮ ಮನೆಯ ಕಪ್ಪು ಕೊತ್ತಿ ಮೂರು ಮರಿ ಹಾಕಿದೆ. ಎರಡು ಕಪ್ಪು, ಒಂದಕ್ಕೆ ಕಪ್ಪು, ಕೆಂಪು, ಬಿಳಿ ಮೂರೂ ಬಣ್ಣ. 'ಅದು ಹೆಣ್ಣು, ಎಲ್ಲಾದರೂ ಬಿಟ್ಟುಬನ್ನಿ' ಎನ್ನುತ್ತಾರೆ ಅಜ್ಜಿ. ಮರಿ ಇನ್ನೂ ಕಣ್ಣನ್ನೇ ಬಿಟ್ಟಿಲ್ಲ. ಅವರಿಗೆ ಹೇಗೆ ತಿಳಿಯಿತು?"

ಅಜ್ಜಿಯ ಲೆಕ್ಕ ಸರಿಯಾಗಿಯೇ ಇದೆ. ಬೆಕ್ಕಿನ ಜೀವಕೋಶದಲ್ಲಿ 19 ಜೊತೆ ವರ್ಣತಂತುಗಳಿವೆ. ಅವುಗಳಲ್ಲಿ ಒಂದು ಜೊತೆ ಲಿಂಗವನ್ನು ನಿರ್ಧರಿಸುತ್ತದೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ. ಕೆಂಪು ಬಣ್ಣ ಕೊಡುವ ವಂಶವಾಹಿ ಇರುವುದು ಎಕ್ಸ್ ಮೇಲೆ. ಗಂಡಿಗೆ ಇರುವುದೇ ಒಂದು ಎಕ್ಸ್. ಹಾಗಾಗಿ ಅದು ಕಪ್ಪಾಗಬೇಕು, ಇಲ್ಲವೇ ಕೆಂಪಾಗಬೇಕು. ಹೆಣ್ಣಿಗೆ ತಾಯಿಯಿಂದ ಕಪ್ಪಿನ ಎಕ್ಸ್, ತಂದೆಯಿಂದ ಕೆಂಪಿನ ಎಕ್ಸ್ ಬರಬಹುದು. ಈ ಮರಿಯ ತಂದೆ ನಿಮ್ಮ ಬೀದಿಯ ಯಾವುದೋ ಕೆಂಪು ಗಂಡು ಬೆಕ್ಕೇ ಇರಬೇಕು!

ಎರಡು ಬಣ್ಣಗಳು ಕಲೆಸಿ ಹೋಗದೆ ತೇಪೆಗಳಂತೆ ಕಾಣುವುದೇಕೆ? ಮರಿ ಗರ್ಭದಲ್ಲಿ ಇನ್ನೂ ಬೆಳೆಯುತ್ತಿರುವಾಗಲೇ ಪ್ರತಿ ಜೀವಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮುಚ್ಚಿಬಿಡುತ್ತದೆ. 1961ರಲ್ಲಿ ಬ್ರಿಟನ್ನಿನ ವಿಜ್ಞಾನಿ ಮೇರಿ ಲಯಾನ್ ಇಲಿಗಳ ಅಧ್ಯಯನದಿಂದ ಇದನ್ನು ವಿವರಿಸಿದರು. ಬಿಳಿ ಬಣ್ಣ ಬರುವುದು ಬೇರೊಂದು ವಂಶವಾಹಿಯಿಂದ. ಕೆಂಪು ಬಣ್ಣದ ಗುಟ್ಟು ಎಕ್ಸ್ ಮೇಲಿನ ಒಂದು ಚಿಕ್ಕ ತುಣುಕು ಕಾಣೆಯಾಗಿರುವುದರಲ್ಲಿದೆ ಎಂದು ಜಪಾನ್ ಮತ್ತು ಅಮೆರಿಕದ ತಂಡಗಳು 2025ರಲ್ಲಿ ಪ್ರಕಟಿಸಿದವು. ಮೂರು ಬಣ್ಣದ ಗಂಡು ಇಲ್ಲವೇ ಇಲ್ಲವೆಂದಲ್ಲ. ಎರಡು ಎಕ್ಸ್ ಜೊತೆಗೆ ಒಂದು ವೈ ಇರುವ ಅಪರೂಪದ ಗಂಡು ಹುಟ್ಟುವುದುಂಟು. ಅದಕ್ಕೆ ಸಾಮಾನ್ಯವಾಗಿ ಸಂತಾನವಾಗುವುದಿಲ್ಲ.

ಅಜ್ಜಿಯ ಲೆಕ್ಕ ಸರಿ, ತೀರ್ಮಾನ ಮಾತ್ರ ಸರಿಯಲ್ಲ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸಿ ಚೀಲದಲ್ಲಿ ಹಾಕಿ ಮಾರುಕಟ್ಟೆಯ ಬಳಿ ಬಿಟ್ಟರೆ ಅದು ಉಳಿಯುವುದು ಕಷ್ಟ. ಬಿಟ್ಟುಬಂದರೆ ಸಮಸ್ಯೆಯೂ ತೀರುವುದಿಲ್ಲ. ಬೆಕ್ಕಿನ ಗರ್ಭಾವಧಿ ಸುಮಾರು ಒಂಬತ್ತು ವಾರ ಮಾತ್ರ. ಹಾಲೂಡಿಸುತ್ತಿರುವಾಗಲೇ ತಾಯಿ ಮತ್ತೆ ಗರ್ಭ ಧರಿಸಬಹುದು. ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದೇ ಇದಕ್ಕೆ ದಾರಿ. ಇಲಿ ಹಿಡಿಯುವುದರಲ್ಲಿ ಹೆಣ್ಣು ಗಂಡಿಗಿಂತ ಕಡಿಮೆಯೇನಲ್ಲ.

ತಂದೆ ತಾಯಿಯರು ಇನ್ನೂ ಮೂರು ಮಾತು ನೆನಪಿಡಬೇಕು. ಒಂದು, ಜ್ವರ ಬಂದ ಬೆಕ್ಕಿಗೆ ನಾವು ನುಂಗುವ ಪ್ಯಾರಸಿಟಮಾಲ್ ಕೊಡಲೇಬಾರದು. ಬೆಕ್ಕಿನ ಯಕೃತ್ತು ಅದನ್ನು ಅರಗಿಸಲಾರದು, ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಲ್ಲದು. ಎರಡು, ವಾಂತಿ ಭೇದಿ ತಂದು ಮರಿಗಳನ್ನು ಕೊಲ್ಲುವ ಪ್ಯಾನ್‌ಲ್ಯುಕೋಪೀನಿಯಾ ರೋಗಕ್ಕೂ ರೇಬೀಸ್‌ಗೂ ಲಸಿಕೆಗಳಿವೆ, ಹಾಕಿಸಿ. ಮೂರು, ಬೆಕ್ಕು ಕಚ್ಚಿದರೆ, ಪರಚಿದರೆ ಗಾಯಕ್ಕೆ ಅರಿಶಿನ, ಸುಣ್ಣ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ, ಅಶೋಕಪುರಂನ ವಿದ್ಯಾರ್ಥಿನಿಗೆ ಒಂದು ಕೆಲಸ. ಆ ಮರಿ ಬೆಳೆದಂತೆ ಅದರ ಮೈಮೇಲಿನ ತೇಪೆಗಳ ಚಿತ್ರವನ್ನು ನೋಟ್‌ಬುಕ್ಕಿನಲ್ಲಿ ಬರೆದು ಅಜ್ಜಿಗೆ ತೋರಿಸಬೇಕು. ಪ್ರತಿ ತೇಪೆಯಲ್ಲೂ ಮುಚ್ಚಿದ ಎಕ್ಸ್ ಯಾವುದು, ತಾಯಿಯದೋ ತಂದೆಯದೋ, ಎಂಬುದನ್ನೂ ಹೇಳಬೇಕು. ಇಂಥ ಪಾಠ ಮನೆಯಲ್ಲೇ ಓಡಾಡುತ್ತಿರುವಾಗ ಅದನ್ನು ಬೀದಿಗೆ ಬಿಡಬಹುದೇ?